ನಂಬದವರು ಕೇಳುವ ಪ್ರಶ್ನೆ

(ಬಾನುಲಿ ಭಾಷಣ)

1891ನೆಯ ಇಸವಿಯ ಮಾತು. ಲಂಡನ್ನಿನಿಂದ ತುಸು ದೂರದ ವೋಕಿಂಗ್ ಎಂಬಲ್ಲಿಯ ಸ್ಮಶಾನದಲ್ಲಿ ಚಾರ್ಲ್ಸ್ ಬ್ರಾಡ್‌ಲಾ ಎಂಬುವರ ಅಂತ್ಯಕ್ರಿಯೆ ನಡೆಯಿತು. ಬ್ರಾಡ್‌ಲಾ ಇಂಗ್ಲೆಂಡಿನ ಹೆಸರಾಂತ ನಾಸ್ತಿಕರು. 1880ರಲ್ಲಿ ನಾರ್ತ್‌ಹ್ಯಾಂಪ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿ ಬಂದರೂ, ದೇವರ ಹೆಸರಿನಲ್ಲಿ ಸ್ವೀಕರಿಸಬೇಕಾದ ಪ್ರಮಾಣವಚನದ ತೊಡಕಿನಿಂದಾಗಿ 1886ರವರೆಗೂ ಅವರಿಗೆ ಅಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳಲು ಆಗಲಿಲ್ಲ. ಭಾರತದ ಪರವಾಗಿ ಆ ಸಭೆಯಲ್ಲಿ ದನಿಯೆತ್ತಿದವರು ಅವರು. 1889ರ ಡಿಸೆಂಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದವರು. ಆ ಕೃತಜ್ಞತೆಯಿಂದ ಲಂಡನ್ನಿನಲ್ಲಿದ್ದ ಭಾರತೀಯರು ಅಂತ್ಯಕ್ರಿಯೆಗೆ ಹೋದರು. ಅವರಲ್ಲಿ ಇಪ್ಪತ್ತೊಂದು ವರ್ಷದ ಮೋಹನದಾಸ ಗಾಂಧಿಯೂ ಒಬ್ಬರು. ಗೌರವ ಸಲ್ಲಿಸಲು ಕೆಲವರು ಪಾದ್ರಿಗಳೂ ಬಂದಿದ್ದರು.

ಹಿಂದಿರುಗುವಾಗ ರೈಲಿಗಾಗಿ ಎಲ್ಲರೂ ಕಾದು ನಿಂತಿದ್ದಾಗ ನಡೆದ ಒಂದು ಪ್ರಸಂಗವನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗುಂಪಿನಲ್ಲಿದ್ದ ನಾಸ್ತಿಕನೊಬ್ಬ ಆ ಪಾದ್ರಿಗಳಲ್ಲಿ ಒಬ್ಬರನ್ನು ಹಿಡಿದು ನಿಲ್ಲಿಸಿದ. ದೇವರಿದ್ದಾನೆಂದು ನೀವು ನಂಬುತ್ತೀರಲ್ಲವೆ ಎಂದು ಮೊದಲು ಕೇಳಿದ. ಹೌದೆಂದರು ಪಾದ್ರಿ. ಭೂಮಿಯ ಸುತ್ತಳತೆ 28,000 ಮೈಲಿ ಎಂಬುದನ್ನೂ ಒಪ್ಪುತ್ತೀರಲ್ಲವೆ ಎಂದ. ಅದಕ್ಕೂ ಹೌದೆಂದರು. ಹಾಗಾದರೆ ನಿಮ್ಮ ದೇವರ ಗಾತ್ರವೆಷ್ಟು, ಅವನಿರುವುದೆಲ್ಲಿ, ಹೇಳಿ ಎಂದ. ಅವನು ನಮ್ಮಿಬ್ಬರ ಹೃದಯದಲ್ಲೂ ಇದ್ದಾನೆ, ನಮಗೆ ತಿಳಿಯಬೇಕಷ್ಟೆ ಎಂದರು ಪಾದ್ರಿ. ನನ್ನನ್ನು ಮಗುವೆಂದು ತಿಳಿಯಬೇಡಿ ಎಂದು ಆತ ಗೆದ್ದವನಂತೆ ಸುತ್ತಲಿನವರತ್ತ ನೋಡಿದ. ಪಾದ್ರಿ ವಿನಯದಿಂದ ಸುಮ್ಮನಾದರು. ನಾಸ್ತಿಕವಾದದ ಬಗ್ಗೆ ಮೊದಲೇ ತಮಗಿದ್ದ ಬೇಸರ ಈ ಮಾತುಕತೆಯಿಂದ ಹೆಚ್ಚಾಯಿತೆಂದು ಗಾಂಧೀಜಿ ಹೇಳುತ್ತಾರೆ.

ಈ ಪುಟವನ್ನು ಓದಿದಾಗಲೆಲ್ಲ ನನಗೆ ಎರಡು ಸಂಗತಿಗಳು ತೋರುತ್ತವೆ. ಮೊದಲನೆಯದು ತಮಾಷೆಯದು. ಭೂಮಿಯ ಸುತ್ತಳತೆ 28,000 ಮೈಲಿಯಲ್ಲ, ಸುಮಾರು 24,900 ಮೈಲಿ. ತಪ್ಪು ಆ ಮನುಷ್ಯನದೋ, ಎಷ್ಟೋ ವರ್ಷಗಳ ಮೇಲೆ ಬರೆದ ಗಾಂಧೀಜಿಯ ನೆನಪಿನದೋ, ಅಂತೂ ಅಳೆದು ತೋರಿಸಿ ಎಂದವನ ಅಳತೆಯೇ ಅಲ್ಲಿ ತಪ್ಪಿದೆ. ಎರಡನೆಯದು ಗಂಭೀರವಾದದ್ದು. ಆ ಪಾದ್ರಿ ಬಂದಿದ್ದುದು ಒಬ್ಬ ನಾಸ್ತಿಕನಿಗೆ ಅಂತಿಮ ಗೌರವ ಸಲ್ಲಿಸಲು. ತನ್ನ ಮತವನ್ನೇ ಅಲ್ಲಗಳೆದವನ ಸಮಾಧಿಯ ಬಳಿಗೆ ನೀವೇಕೆ ಬಂದಿರಿ ಎಂದು ಕೇಳಬಹುದಿತ್ತು. ಆಗ ಏನಾದರೊಂದು ಹೊಸ ವಿಷಯ ತಿಳಿಯುತ್ತಿತ್ತು. ಆತ ಕೇಳಿದ್ದು, ಉತ್ತರವಿಲ್ಲವೆಂದು ತನಗೆ ಮೊದಲೇ ಗೊತ್ತಿದ್ದ ಪ್ರಶ್ನೆಯನ್ನು.

ದೇವರನ್ನು ನಂಬದವರು ನಂಬುವವರನ್ನು ಅವರ ನಂಬಿಕೆಯ ವಿಷಯವಾಗಿ ಏಕೆ ಪ್ರಶ್ನಿಸುತ್ತಾರೆ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಸ್ತು. ‘ನಿಮಗೆ ನಂಬಿಕೆಯಿಲ್ಲದಿದ್ದರೆ ಬಿಡಿ, ನಮ್ಮ ಗೊಡವೆ ನಿಮಗೇಕೆ?’ ಎಂದು ಆಸ್ತಿಕರು ಕೇಳುವುದುಂಟು. ಈ ಮಾತು ನ್ಯಾಯವಾಗಿಯೇ ಕಾಣುತ್ತದೆ. ಇದಕ್ಕೆ ಉತ್ತರ ಹೇಳುವ ಹೊಣೆ ನನ್ನಂಥವರದು. ಏಕೆಂದರೆ ಹದಿನೇಳನೆಯ ವಯಸ್ಸಿನಿಂದ ಈ ಅರವತ್ತಾರರವರೆಗೆ ನಾನು ನಂಬದವರ ಸಾಲಿನಲ್ಲಿಯೇ ಕುಳಿತಿದ್ದೇನೆ. ಪ್ರಶ್ನೆಗಳನ್ನೂ ಧಾರಾಳವಾಗಿ ಕೇಳಿದ್ದೇನೆ. ಕೆಲವನ್ನು ಕೇಳಬಾರದಿತ್ತೆಂದು ಈಗ ಅನ್ನಿಸುತ್ತದೆ.

ಮೊದಲು ಶಬ್ದದ ವಿಚಾರ. ಕನ್ನಡದಲ್ಲಿ ನಾವು ದೇವರಿದ್ದಾನೆ ಎನ್ನುವವನನ್ನು ಆಸ್ತಿಕನೆಂದೂ ಇಲ್ಲವೆನ್ನುವವನನ್ನು ನಾಸ್ತಿಕನೆಂದೂ ಕರೆಯುತ್ತೇವೆ. ನಮ್ಮ ಹಳೆಯ ದರ್ಶನಕಾರರಿಗೆ ಗೆರೆ ಇದ್ದುದು ಬೇರೆ ಕಡೆ. ವೇದವನ್ನು ಪ್ರಮಾಣವೆಂದು ಒಪ್ಪಿದವನು ಆಸ್ತಿಕ, ಒಪ್ಪದವನು ನಾಸ್ತಿಕ. ಆ ಲೆಕ್ಕದಲ್ಲಿ ಈಶ್ವರನ ಗೊಡವೆಗೆ ಹೋಗದ ಸಾಂಖ್ಯರೂ, ಜಗತ್ತಿಗೆ ಕರ್ತೃವೊಬ್ಬನಿದ್ದಾನೆಂಬುದನ್ನು ಬಲವಾಗಿ ಖಂಡಿಸಿದ ಮೀಮಾಂಸಕ ಕುಮಾರಿಲಭಟ್ಟನೂ ಆಸ್ತಿಕರೇ. ದೇವರ ಇರವನ್ನು ಪ್ರಶ್ನಿಸುವುದು ಮನೆಯೊಳಗಿನವರೇ ಮಾಡುತ್ತಿದ್ದ ಕೆಲಸವೆಂಬುದು ಇದರಿಂದ ಸ್ಪಷ್ಟ. ಹತ್ತನೆಯ ಶತಮಾನದ ಉದಯನಾಚಾರ್ಯ ಈಶ್ವರನನ್ನು ಸಾಧಿಸಲೆಂದೇ ‘ನ್ಯಾಯಕುಸುಮಾಂಜಲಿ’ಯನ್ನು ಬರೆಯಬೇಕಾಗಿ ಬಂದುದು ಪ್ರಶ್ನಿಸುವವರು ಎದುರಿಗಿದ್ದುದರಿಂದಲೇ.

ಆ ಪರಂಪರೆಯಲ್ಲಿ ಪೂರ್ವಪಕ್ಷ ಎಂಬ ಒಂದು ಮರ್ಯಾದೆಯಿತ್ತು. ಎದುರಾಳಿಯ ಮಾತನ್ನು ಖಂಡಿಸುವ ಮೊದಲು, ಅವನೇ ಹೇಳಿದ್ದರೆ ಹೇಗೋ ಹಾಗೆ, ಅದನ್ನು ಪೂರ್ತಿಯಾಗಿ ಹೇಳಬೇಕು. ವಿಜಯನಗರದ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ವನ್ನು ನೋಡಿ. ವೇದಾಂತಿಯೊಬ್ಬರ ಆ ಗ್ರಂಥದಲ್ಲಿ ಮೊದಲ ಮಣೆ ಚಾರ್ವಾಕನಿಗೆ. ಚಾರ್ವಾಕರ ಸ್ವಂತ ಗ್ರಂಥಗಳು ಬಹುಪಾಲು ಕಳೆದುಹೋದ ಮೇಲೆ, ಅವರ ಮಾತನ್ನು ನಾವು ಇಂದು ತಿಳಿಯುವುದು ಹೆಚ್ಚಾಗಿ ಅವರನ್ನು ಖಂಡಿಸಿದವರಿಂದ. ವೋಕಿಂಗ್ ನಿಲ್ದಾಣದ ಆ ಮನುಷ್ಯ ಪಾದ್ರಿಯ ನಂಬಿಕೆಯನ್ನು ಮತ್ತೊಬ್ಬರಿಗೆ ವಿವರಿಸಿ ಹೇಳಬಲ್ಲವನಾಗಿದ್ದನೆ? ಇದೊಂದೇ ಪರೀಕ್ಷೆಯಿಂದ ಪ್ರಶ್ನೆಯ ಜಾತಿ ತಿಳಿದುಬಿಡುತ್ತದೆ.

ಹೀಗೆ ನೋಡಿದಾಗ ನಂಬದವರ ಪ್ರಶ್ನೆಗಳಲ್ಲಿ ನನಗೆ ನಾಲ್ಕು ಬಗೆ ಕಾಣುತ್ತವೆ. ಮೊದಲನೆಯದು ವಕೀಲನ ಪಾಟೀಸವಾಲು. ಅದನ್ನು ಈಗಾಗಲೇ ಕಂಡೆವು. ಅಲ್ಲಿ ಕೇಳುವವನಿಗೆ ಉತ್ತರ ಬೇಕಿಲ್ಲ, ಗೆಲುವು ಬೇಕು.

ಎರಡನೆಯದು ಪರೀಕ್ಷಕನ ಪ್ರಶ್ನೆ. ನಮ್ಮವರೇ ಆದ ಎಚ್. ನರಸಿಂಹಯ್ಯನವರು ಇದಕ್ಕೆ ಒಳ್ಳೆಯ ನಿದರ್ಶನ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಸಿಕ್ಕುವ ಇತರ ಮೂಢನಂಬಿಕೆಗಳನ್ನೂ ಶೋಧಿಸಲು ಅವರು ಒಂದು ಸಮಿತಿಯನ್ನು ರಚಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ, ತಮ್ಮ ಪವಾಡಗಳನ್ನು ಸಮಿತಿಯ ಮುಂದೆ ತೋರಿಸಬೇಕೆಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡ ಕೋಲಾಹಲವೇ ಆಯಿತು. ಆಗ ನಾನು ಸಣ್ಣ ಊರೊಂದರಲ್ಲಿ ಪಿ.ಯು.ಸಿ. ಓದುತ್ತಿದ್ದ ಹುಡುಗ, ವಾಚನಾಲಯದ ಪತ್ರಿಕೆಗಾಗಿ ಬೆಳಿಗ್ಗೆಯೇ ಹೋಗಿ ಕಾಯುತ್ತಿದ್ದೆ. ನರಸಿಂಹಯ್ಯನವರು ಖಾದಿ ತೊಟ್ಟ ಗಾಂಧಿವಾದಿ. 1936ರಲ್ಲಿ ಗಾಂಧೀಜಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದ ವಿದ್ಯಾರ್ಥಿ. ಅವರ ಸಮಿತಿಯ ಹೆಸರಿನಲ್ಲಿ ‘ಪರೀಕ್ಷೆಗೆ ಸಿಕ್ಕುವ’ ಎಂಬ ವಿಶೇಷಣವಿದ್ದುದನ್ನು ಗಮನಿಸಬೇಕು. ಬರಿಗೈಯಿಂದ ಬೂದಿ ಬಂತೆಂದರೆ ಅದು ಬಂತೋ ಇಲ್ಲವೋ ಎಂದು ನೋಡಬಹುದು. ಮುದುಕಿಯೊಬ್ಬಳು ಮುಂಜಾನೆ ಕಣ್ಣು ಮುಚ್ಚಿ ಕೈ ಮುಗಿದರೆ ಅಲ್ಲಿ ಪರೀಕ್ಷಿಸುವುದೇನಿದೆ? ಈ ವ್ಯತ್ಯಾಸ ಅವರಿಗೆ ತಿಳಿದಿತ್ತು. ಅವರನ್ನು ಅನುಕರಿಸಲು ಹೊರಟ ನಮ್ಮಂಥ ಹುಡುಗರಿಗೆ ತಿಳಿದಿರಲಿಲ್ಲ.

ಮೂರನೆಯದು ಊರು ಬಿಟ್ಟವನ ಪ್ರಶ್ನೆ. ನಂಬದವರಲ್ಲಿ ಹೆಚ್ಚಿನವರು ನಂಬುವವರ ಮನೆಯಲ್ಲಿ ಹುಟ್ಟಿ ಬೆಳೆದವರೇ. ಎಷ್ಟೋ ವರ್ಷಗಳ ಹಿಂದೆ ಬಿಟ್ಟುಬಂದ ಊರಿನವರು ಪೇಟೆಯಲ್ಲಿ ಸಿಕ್ಕಿದರೆ, ಕೆರೆ ತುಂಬಿತೇ, ತೇರು ನಡೆಯಿತೇ ಎಂದು ವಿಚಾರಿಸುತ್ತೇವಲ್ಲ? ಮರಳಿ ಹೋಗುವ ಮನಸ್ಸಿರುವುದಿಲ್ಲ. ಮನೆ ಎಂದೋ ಬಿದ್ದುಹೋಗಿರುತ್ತದೆ. ಆದರೂ ವಿಚಾರಿಸುತ್ತೇವೆ. ಎ. ಎನ್. ಮೂರ್ತಿರಾಯರು ತೊಂಬತ್ತರ ವಯಸ್ಸಿನಲ್ಲಿ, 1991ರಲ್ಲಿ, ‘ದೇವರು’ ಎಂಬ ಹೆಸರಿನ ಪುಸ್ತಕವನ್ನೇ ಪ್ರಕಟಿಸಿದರು. ದೇವರನ್ನು ಒಪ್ಪದ ಪುಸ್ತಕವದು. ಒಪ್ಪದ ವಸ್ತುವನ್ನು ಕುರಿತು ಆ ಇಳಿವಯಸ್ಸಿನಲ್ಲಿ ಅಷ್ಟು ಆಸ್ಥೆಯಿಂದ ಬರೆಯಬೇಕಾದರೆ, ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ.

ನಾಲ್ಕನೆಯದು ನೆರೆಯವನ ಪ್ರಶ್ನೆ. ನೀನು ನಂಬುತ್ತೀಯೆ, ನಾನು ನಂಬುವುದಿಲ್ಲ. ಇಬ್ಬರೂ ಒಂದೇ ಬಾವಿಯ ನೀರು ಸೇದಬೇಕು. ನಿನ್ನ ನಂಬಿಕೆ ನಿನ್ನಿಂದ ಏನನ್ನು ಮಾಡಿಸುತ್ತದೆ, ಏನನ್ನು ಮಾಡಗೊಡುವುದಿಲ್ಲ ಎಂಬುದನ್ನು ನಾನು ತಿಳಿಯಬೇಡವೆ? ಇದು ನಾಲ್ಕರಲ್ಲಿಯೂ ಶ್ರೇಷ್ಠವೆಂಬುದು ನನ್ನ ಅಭಿಪ್ರಾಯ. ಇದಕ್ಕೆ ನಾನು ಕೊಡುವ ಉದಾಹರಣೆಯಲ್ಲಿ ಮತ್ತೆ ಗಾಂಧೀಜಿಯೇ ಬರುತ್ತಾರೆ. ಆದರೆ ಈ ಸಲ ಅವರು ಕೇವಲ ಪ್ರೇಕ್ಷಕರಲ್ಲ, ಪ್ರಶ್ನೆಗೆ ಗುರಿಯಾದವರು.

ಆಂಧ್ರದ ಗೋರಾ, ಎಂದರೆ ಗೋಪರಾಜು ರಾಮಚಂದ್ರರಾವ್, ಸಸ್ಯಶಾಸ್ತ್ರದ ಅಧ್ಯಾಪಕರು, ಹುಟ್ಟಿದ್ದು 1902ರಲ್ಲಿ. ದೇವರ ಕಲ್ಪನೆಯನ್ನು ಕುರಿತು ಬರೆದ ಲೇಖನದ ದೆಸೆಯಿಂದ 1933ರಲ್ಲಿ ಕಾಕಿನಾಡದ ಕಾಲೇಜಿನ ಕೆಲಸ ಕಳೆದುಕೊಂಡರು. ಮುಂದೆ 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರವನ್ನು ಆರಂಭಿಸಿ, ಅಸ್ಪೃಶ್ಯತೆಯ ನಿವಾರಣೆ, ಸಹಭೋಜನ, ವಯಸ್ಕರ ಶಿಕ್ಷಣ ಎಂದು ದುಡಿದರು. 1930ರಲ್ಲಿಯೇ ಅವರು ಗಾಂಧೀಜಿಗೆ ಪತ್ರ ಬರೆದು, ದೇವರು ಎಂಬ ಶಬ್ದವನ್ನು ತಾವು ಬಳಸುತ್ತೀರಲ್ಲ, ಅದರ ಅರ್ಥವೇನು, ದೈನಂದಿನ ಬಾಳಿಗೂ ಆ ಅರ್ಥಕ್ಕೂ ಹೊಂದಿಕೆ ಎಷ್ಟರಮಟ್ಟಿನದು ಎಂದು ಕೇಳಿದ್ದರು. ದೇವರು ಮನುಷ್ಯನ ಗ್ರಹಿಕೆಗೆ ಮೀರಿದವನೆಂಬ ಚಿಕ್ಕ ಉತ್ತರ ಬಂತು. ಅದರಿಂದ ಗೋರಾ ಅವರಿಗೆ ತೃಪ್ತಿಯಾಗಲಿಲ್ಲ.

ಮುಖಾಮುಖಿ ಭೇಟಿಯಾದದ್ದು 1944ರ ಕೊನೆಯಲ್ಲಿ, ಸೇವಾಗ್ರಾಮದಲ್ಲಿ. ದೇವರಿಲ್ಲದ ಮನುಷ್ಯನೊಡನೆ ನಾನೇನು ಮಾತನಾಡಲಿ ಎಂದು ಗಾಂಧೀಜಿ ನಗುತ್ತ ಆರಂಭಿಸಿದರಂತೆ. ನಾನು ದೇವರಿಲ್ಲದವನಲ್ಲ, ನಾಸ್ತಿಕ ಎಂದರು ಗೋರಾ. ಒಂದು ಬರಿಯ ಇಲ್ಲ ಎನ್ನುವಿಕೆ, ಇನ್ನೊಂದು ಬದುಕುವ ರೀತಿ ಎಂಬುದು ಅವರ ಭೇದ. ಆಮೇಲೆ ನಡೆದದ್ದು ಸ್ವಾರಸ್ಯವಾಗಿದೆ. ಪ್ರಶ್ನೆ ಕೇಳಲು ಬಂದವರನ್ನು ಗಾಂಧೀಜಿಯೇ ಪ್ರಶ್ನಿಸತೊಡಗಿದರು. ನಿಮ್ಮ ನಾಸ್ತಿಕತೆಯಿಂದ ಜನಕ್ಕೆ ಆಗುವುದೇನು, ಹಳ್ಳಿಯಲ್ಲಿ ನೀವು ಮಾಡುತ್ತಿರುವುದೇನು ಎಂಬುದು ಅವರಿಗೆ ಬೇಕಾಗಿತ್ತು. ಬಂಗಾಳದ ಕ್ಷಾಮದ ದಿನಗಳಲ್ಲಿ ಕಲ್ಕತ್ತೆಯ ಬೀದಿಯಲ್ಲಿ ತಾವು ಕಂಡುದನ್ನು ಗೋರಾ ಹೇಳಿದರು. ತಿಂಡಿ ತುಂಬಿದ ಅಂಗಡಿಗಳ ಎದುರಿಗೇ ಹಸಿದವರು ಬಿದ್ದು ಸಾಯುತ್ತಿದ್ದರು. ಎಲ್ಲವೂ ವಿಧಿಯ ಆಟ, ದೈವೇಚ್ಛೆ ಎಂಬ ಭಾವನೆ ಅವರ ಕೈಕಾಲುಗಳನ್ನು ಕಟ್ಟಿತ್ತು. ಆ ಕಟ್ಟನ್ನು ಬಿಚ್ಚಲು ನನಗೆ ನಾಸ್ತಿಕತೆ ಬೇಕು ಎಂಬುದು ಅವರ ವಾದ.

ಗಾಂಧೀಜಿ ಈ ವಾದವನ್ನು ಒಪ್ಪಿದರೆಂದು ಯಾರೂ ಹೇಳಲಾರರು. ಆದರೆ ತಮ್ಮ ಆಸ್ತಿಕತೆಯೇ ಸರಿ ಎಂದಾಗಲಿ ಗೋರಾ ಅವರ ನಾಸ್ತಿಕತೆ ತಪ್ಪೆಂದಾಗಲಿ ತಾವು ಹೇಳಲಾರೆವು, ಫಲ ಹೇಗೆಂಬುದನ್ನು ನೋಡೋಣ, ತಾವು ಅವರ ದಾರಿಗೆ ಬರಬಹುದು, ಅವರು ತಮ್ಮ ದಾರಿಗೆ ಬರಬಹುದು, ಇಬ್ಬರೂ ಮೂರನೆಯ ದಾರಿಯನ್ನು ಹಿಡಿಯಲೂಬಹುದು ಎಂಬ ಅರ್ಥದ ಮಾತನ್ನಾಡಿದರು. ಗೋರಾ ತಮ್ಮ ಹಿರಿಯ ಮಗಳ ಮದುವೆಯನ್ನು ಹರಿಜನ ತರುಣನೊಬ್ಬನೊಡನೆ ಮಾಡಲು ನಿಶ್ಚಯಿಸಿದಾಗ, ಅದು ಸೇವಾಗ್ರಾಮದಲ್ಲಿಯೇ ನಡೆಯಲಿ ಎಂದು ಗಾಂಧೀಜಿ ಒಪ್ಪಿದರು. ವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಬರಲಿ ಎಂಬುದಕ್ಕೂ ಒಪ್ಪಿದರು. 1948ರ ಜನವರಿ 30ರಂದು ಅವರ ಹತ್ಯೆಯಾಯಿತು. ಮದುವೆ ನಿಲ್ಲಲಿಲ್ಲ, ಅದೇ ವರ್ಷ ಮಾರ್ಚ್ 13ರಂದು ಸೇವಾಗ್ರಾಮದಲ್ಲಿ, ಅವರು ಒಪ್ಪಿದ್ದ ರೀತಿಯಲ್ಲಿಯೇ ನಡೆಯಿತು. ಈ ಮಾತುಕತೆಗಳನ್ನೆಲ್ಲ ಗೋರಾ ಇಂಗ್ಲಿಷಿನಲ್ಲಿ ಬರೆದಿಟ್ಟರು. 1951ರಲ್ಲಿ ಅದು ಗ್ರಂಥರೂಪದಲ್ಲಿ ಬಂದಾಗ ಮುನ್ನುಡಿ ಬರೆದವರು ಗಾಂಧೀಜಿಯ ಆಪ್ತರಾದ ಕಿಶೋರಲಾಲ ಮಶ್ರುವಾಲಾ.

ದೇವರೇ ಸತ್ಯ ಎನ್ನುತ್ತಿದ್ದ ಗಾಂಧೀಜಿ ಅದನ್ನು ತಿರುಗಿಸಿ ಸತ್ಯವೇ ದೇವರು ಎಂದದ್ದು ಇದಕ್ಕೂ ಮೊದಲೇ. 1931ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಸಭೆಯೊಂದರಲ್ಲಿ ಅವರು ಅದಕ್ಕೆ ಕಾರಣವನ್ನು ವಿವರಿಸಿದರು. ದೇವರನ್ನು ಅಲ್ಲಗಳೆಯುವವರೂ ಸತ್ಯದ ಆವಶ್ಯಕತೆಯನ್ನು ಅಲ್ಲಗಳೆಯುವುದಿಲ್ಲ ಎಂಬುದು ಆ ಕಾರಣಗಳಲ್ಲಿ ಒಂದು. ಭಕ್ತನೊಬ್ಬ ತನ್ನ ದೇವರ ವ್ಯಾಖ್ಯೆಯನ್ನು ಬದಲಿಸುವಾಗ ನಂಬದವರಿಗೂ ಅದರಲ್ಲಿ ಜಾಗವಿರಲಿ ಎಂದು ಯೋಚಿಸಿದನೆಂದರೆ ಅದು ಸಾಮಾನ್ಯವಲ್ಲ. ನಂಬದವರ ಪ್ರಶ್ನೆ ವ್ಯರ್ಥವಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ತಿಳಿಯದು.

ವೋಕಿಂಗ್ ನಿಲ್ದಾಣದ ಪ್ರಶ್ನೆಗೂ ಗೋರಾ ಅವರ ಪ್ರಶ್ನೆಗೂ ಅಂತರವೇನು? ಇಬ್ಬರೂ ನಾಸ್ತಿಕರೇ, ಇಬ್ಬರೂ ಕೇಳಿದ್ದು ದೇವರ ವಿಷಯವನ್ನೇ. ಮೊದಲನೆಯವನು ಪ್ರಶ್ನೆ ಎಸೆದು ರೈಲು ಹತ್ತಿದ. ಎರಡನೆಯವರು ಪ್ರಶ್ನೆ ಕೇಳಿ ಅಲ್ಲಿಯೇ ನಿಂತರು. ತಿರುಗಿ ಬಂದ ಪ್ರಶ್ನೆಗೆ ತಾವೂ ಉತ್ತರ ಕೊಟ್ಟರು. ತಾನು ಪ್ರಶ್ನೆಗೆ ಒಳಗಾಗಲು ಸಿದ್ಧನಿರುವವನಿಗೆ ಮಾತ್ರ ಇನ್ನೊಬ್ಬರ ನಂಬಿಕೆಯನ್ನು ಪ್ರಶ್ನಿಸುವ ಅಧಿಕಾರವುಂಟು ಎಂಬುದು ನಾನು ಇದರಿಂದ ಕಲಿತ ಪಾಠ. ಕಲಿತದ್ದು ತಡವಾಗಿ, ಅದೂ ಪುಸ್ತಕದಿಂದಲ್ಲ. ಆ ಸಂಗತಿಯನ್ನು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.

ನಾನು ಕನ್ನಡ ಎಂ.ಎ. ಓದುತ್ತಿದ್ದಾಗ, 1982ರಲ್ಲಿ, ನನ್ನ ಭಾವ ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಕ್ಕ. ಅವಳಿಗೆ ಆಗ ಮೂವತ್ತು ವರ್ಷ, ಎರಡು ಸಣ್ಣ ಮಕ್ಕಳು. ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ಅವಳು ದೇವರ ಮುಂದೆ ದೀಪ ಹಚ್ಚುತ್ತಿದ್ದಾಗ, ಬಾಗಿಲಲ್ಲಿ ನಿಂತು, ‘ಇಷ್ಟು ವರ್ಷ ದೀಪ ಹಚ್ಚಿದೆಯಲ್ಲ, ಆ ನಿನ್ನ ದೇವರು ಭಾವನನ್ನು ಏಕೆ ಉಳಿಸಲಿಲ್ಲ?’ ಎಂದು ಕೇಳಿಬಿಟ್ಟೆ. ನನಗೆ ಸಂಕಟವಾಗಿತ್ತು ಎಂಬುದು ನಿಜ. ಆ ಸಂಕಟಕ್ಕೆ ನಾನು ವಕೀಲನ ಕೋಟು ತೊಡಿಸಿದ್ದೆ ಎಂಬುದೂ ಅಷ್ಟೇ ನಿಜ. ಅಕ್ಕ ಉತ್ತರ ಹೇಳಲಿಲ್ಲ. ಬತ್ತಿಯನ್ನು ಸರಿಮಾಡಿ, ಎದ್ದು ಅಡುಗೆಯ ಮನೆಗೆ ಹೋದಳು. ಆಮೇಲೆ ನಲವತ್ತು ವರ್ಷ ನಮ್ಮಿಬ್ಬರ ನಡುವೆ ದೇವರ ಮಾತೇ ಬರಲಿಲ್ಲ. ಅವಳ ಮೌನವನ್ನು ನಾನು ಬಹಳ ಕಾಲ ನನ್ನ ಗೆಲುವೆಂದೇ ತಿಳಿದಿದ್ದೆ.

ನಿವೃತ್ತನಾದ ಮೇಲೆ ಅಕ್ಕನ ಮನೆಯ ಹತ್ತಿರಕ್ಕೇ ಬಂದು ನೆಲೆಸಿದೆ. ಮೂರು ವರ್ಷದ ಹಿಂದೆ ಒಂದು ಸಂಜೆ ಅವಳು ದೀಪ ಹಚ್ಚಿ ಬಂದು ಕುಳಿತಾಗ ಮತ್ತೆ ಕೇಳಿದೆ. ‘ಅಕ್ಕ, ದೀಪ ಹಚ್ಚುವಾಗ ಏನು ಬೇಡಿಕೊಳ್ತೀಯ?’ ಈ ಸಲ ನನಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

‘ಬೇಡೋದೇನು ಬಂತು ಕಣೋ. ನಿಮ್ಮ ಭಾವ ಹೋದ ದಿನ ಸಂಜೆ ಈ ಮನೇಲಿ ಯಾರೂ ದೀಪ ಹಚ್ಚಲಿಲ್ಲ. ಆ ಕತ್ತಲೆ ನೋಡಿ ಮಕ್ಕಳು ಅತ್ತವು. ಮಾರನೆಯ ಸಂಜೆ ನಾನೇ ಎದ್ದು ಹಚ್ಚಿದೆ. ಹಚ್ಚಿದ ಮೇಲೆ ಒಲೆ ಹಚ್ಚಬೇಕು ಅನ್ನಿಸಿತು. ಒಲೆ ಹಚ್ಚಿದ ಮೇಲೆ ಮಕ್ಕಳಿಗೆ ಬಡಿಸಿದೆ. ಅವತ್ತು ನನ್ನ ಎಬ್ಬಿಸಿದ್ದು ಅವನೇ ಅಂತ ನಾನು ತಿಳಿದಿದ್ದೀನಿ. ನೀನು ಬೇರೆ ತಿಳೀಬಹುದು.’

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಕೇಳಿದಳು. ‘ನಿನ್ನ ಹೆಂಡತಿ ಹೋದಾಗ ನೀನು ಹೇಗೆ ಎದ್ದೆಯೋ? ನಿನಗೆ ಹಚ್ಚೋಕೆ ದೀಪಾನೂ ಇರಲಿಲ್ಲ. ಕೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ನೀನು ಓದಿದವನು, ಏನು ತಿಳ್ಕೋತೀಯೋ ಅಂತ ಸುಮ್ಮನಾದೆ.’

ನಲವತ್ತು ವರ್ಷ ಪ್ರಶ್ನೆಗಳನ್ನು ಕೇಳಿದವನಿಗೆ ಯಾರೂ ಹಾಗೆ ಪ್ರಶ್ನೆ ಕೇಳಿರಲಿಲ್ಲ. ನನ್ನ ಮಡದಿ ತೀರಿಕೊಂಡಾಗ ನಾನಿನ್ನೂ ಕೆಲಸದಲ್ಲಿದ್ದೆ. ಕರ್ಮಾಂತರಗಳೆಲ್ಲ ಮುಗಿದು ಮನೆ ಬರಿದಾದ ಮರುದಿನ, ಮೌಲ್ಯಮಾಪನಕ್ಕೆಂದು ಉತ್ತರಪತ್ರಿಕೆಗಳ ಕಟ್ಟು ಮುಂದಿತ್ತು. ಬೇರೇನೂ ತೋಚದೆ ಅದನ್ನು ಬಿಚ್ಚಿ ಕುಳಿತಿದ್ದೆ. ಹುಡುಗರು ಕಾಯುತ್ತಿರುತ್ತಾರೆ ಎಂಬುದೊಂದೇ ಮನಸ್ಸಿನಲ್ಲಿದ್ದುದು. ಹಾಗೆಂದು ಅಕ್ಕನಿಗೆ ಹೇಳಿದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ‘ಅಯ್ಯೋ ಪಾಪ, ಆ ಹುಡುಗರಿಗೆ ಎಷ್ಟೆಷ್ಟು ನಂಬರು ಕೊಟ್ಟೆಯೋ ಏನೋ’ ಎಂದಳು. ಇಬ್ಬರೂ ನಕ್ಕೆವು. ನಕ್ಕು ಮುಗಿಯುವ ಮೊದಲೇ ಇಬ್ಬರ ಕಣ್ಣಲ್ಲೂ ನೀರಿತ್ತು.

ನಾನು ಆಸ್ತಿಕನಾಗಲಿಲ್ಲ, ಅವಳು ದೀಪ ಹಚ್ಚುವುದನ್ನು ಬಿಡಲಿಲ್ಲ. ಮಂಡಿಯ ನೋವು ಹೆಚ್ಚಾದ ದಿನ ಗೂಡಿನಿಂದ ದೀಪವನ್ನು ಇಳಿಸಿ, ಎಣ್ಣೆ ಹಾಕಿ ಕೊಡುತ್ತೇನೆ, ಹಚ್ಚುವವಳು ಅವಳೇ. ನಂಬದವರು ನಂಬುವವರನ್ನು ಏಕೆ ಪ್ರಶ್ನಿಸುತ್ತಾರೆ ಎಂದು ಯಾರಾದರೂ ಈಗ ನನ್ನನ್ನು ಕೇಳಿದರೆ, ಗೆಲ್ಲುವುದಕ್ಕೆ, ಪರೀಕ್ಷಿಸುವುದಕ್ಕೆ, ಬಿಟ್ಟ ಊರಿನ ಸುದ್ದಿ ತಿಳಿಯುವುದಕ್ಕೆ ಎಂಬ ಮೂರು ಉತ್ತರಗಳನ್ನೂ ಹೇಳಿ, ನಾಲ್ಕನೆಯದಾಗಿ ಇಷ್ಟನ್ನು ಸೇರಿಸುತ್ತೇನೆ: ಕತ್ತಲೆ ಕವಿದ ಮರುದಿನ ಪಕ್ಕದ ಮನೆಯವರು ಹೇಗೆ ಎದ್ದರು ಎಂಬುದನ್ನು ತಿಳಿಯುವುದಕ್ಕೆ. ಅದು ತಿಳಿಯಬೇಕಾದರೆ ನಾವು ಹೇಗೆ ಎದ್ದೆವೆಂಬುದನ್ನು ಹೇಳಲೂ ಸಿದ್ಧರಿರಬೇಕು. ಆ ಸಿದ್ಧತೆಯಿಲ್ಲದ ದಿನ, ಬಾಗಿಲಲ್ಲಿ ನಿಂತವನು ಪ್ರಶ್ನೆಯನ್ನು ಬಾಯಲ್ಲಿಯೇ ಇಟ್ಟುಕೊಳ್ಳುವುದು ಮೇಲು.